ಬೇರೆಯವರ ಪಾರ್ಸೆಲ್ ನಮ್ಮ ಮನೆಗೇ ಬರುತ್ತಿದೆ. ನಾಲ್ಕನೇದು ಉಪ್ಪಿನಕಾಯಿ, ಸೋರುತ್ತಿದೆ

ಕೆಳಮನೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರಿನ ಜಯನಗರ 4ನೇ ಟಿ ಬ್ಲಾಕಿನಲ್ಲಿ. ನೆಲಮಹಡಿ ಮನೆ. ಮಧ್ಯಾಹ್ನದ ಮೇಲೆ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹಾಗಾಗಿ ಗೇಟ್ ಸದ್ದಾದರೆ ಎದ್ದು ಹೋಗುವವಳು ನಾನೇ. ಮೇಲಿನ ಎರಡು ಮನೆಯವರ ಪಾರ್ಸೆಲ್ಲೂ ನನ್ನ ಕೈಗೇ ಬರುತ್ತವೆ. ಅದಕ್ಕೆ ತಕರಾರಿಲ್ಲ. ಚಪ್ಪಲಿ ಸ್ಟ್ಯಾಂಡ್ ಪಕ್ಕ ಒಂದು ನೀಲಿ ಬುಟ್ಟಿ ಇಟ್ಟಿದ್ದೇನೆ. ಅವರವರದ್ದು ಅವರವರು ಎತ್ತಿಕೊಂಡು ಹೋಗುತ್ತಾರೆ.

ತಕರಾರು ಏನಿದ್ದರೂ ಆ ಬುಟ್ಟಿಯಲ್ಲಿ ಯಾರೂ ಎತ್ತಿಕೊಳ್ಳದೆ ಉಳಿದಿರುವ ನಾಲ್ಕು ಪಾರ್ಸೆಲ್ಲಿನದು.

ಯುಗಾದಿ ಕಳೆದ ಮೇಲೆ ಶುರುವಾಯಿತು. ಮಕ್ಕಳಿಗೆ ಲೆಕ್ಕ ಕೊಟ್ಟು ಎದ್ದು ಹೋಗಿ, ಹೆಸರು ನೋಡದೆ ಇಸಿದುಕೊಂಡೆ. ತಪ್ಪು ನನ್ನದೇ, ಒಪ್ಪುತ್ತೇನೆ. ಆಮೇಲೆ ನೋಡಿದರೆ ಮನೆ ನಂಬರ್ ನಮ್ಮದೇ, ಕ್ರಾಸ್ ನಂಬರೂ ನಮ್ಮದೇ, ಆದರೆ '4ನೇ ಬ್ಲಾಕ್' ಅಂತಿದೆ. 'ಟಿ' ಇಲ್ಲ. ಜಯನಗರ ಗೊತ್ತಿಲ್ಲದವರಿಗೆ ಹೇಳುತ್ತೇನೆ, 4ನೇ ಬ್ಲಾಕ್ ಬೇರೆ, 4ನೇ ಟಿ ಬ್ಲಾಕ್ ಬೇರೆ. ಶಾಪಿಂಗ್ ಕಾಂಪ್ಲೆಕ್ಸ್ ಇರುವುದು 4ನೇ ಬ್ಲಾಕಿನಲ್ಲಿ. ನಾವು ಅದರ ಆಚೆ. ಈ ಒಂದು ಅಕ್ಷರದ ದೆಸೆಯಿಂದ ಆಟೋದವರ ಹತ್ತಿರ ಎಷ್ಟು ಸಲ ಜಗಳ ಆಡಿದ್ದೇನೋ ಲೆಕ್ಕವಿಲ್ಲ.

ಲೇಬಲ್ ಮೇಲೆ ಯಾರೋ ಹೆಂಗಸಿನ ಹೆಸರು. ಫೋನ್ ನಂಬರ್ ಇರಬೇಕಾದ ಕಡೆ ಬರೀ ನಕ್ಷತ್ರ, ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತದೆ. ಮೊದಲನೇದರ ಬಿಲ್ಲು ಹೊರಗಿನ ಪ್ಲಾಸ್ಟಿಕ್ ಚೀಲದಲ್ಲೇ ಓದುವ ಹಾಗಿತ್ತು. ಮಂಡಿಗೆ ಹಾಕುವ ಬೆಲ್ಟ್, ಒಂದು ಜೊತೆ. ಎರಡನೇದು ಬಿಪಿ ನೋಡುವ ಮಿಷನ್. ಮೂರನೇದು ಮೆತ್ತಗಿದೆ, ಬಟ್ಟೆ ಇರಬೇಕು. ನಾಲ್ಕನೇದು ಹೋದ ಗುರುವಾರ ಬಂತು. ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಕೆಜಿ. ಡಬ್ಬದ ಒಂದು ಮೂಲೆ ಒದ್ದೆಯಾಗಿ ಮೆತ್ತಗಾಗಿದೆ. ಒಂದು ಸ್ಟೀಲ್ ತಟ್ಟೆಯಲ್ಲಿ ಇಟ್ಟಿದ್ದೇನೆ, ತಟ್ಟೆಯಲ್ಲಿ ಕೆಂಪು ನೀರು ನಿಲ್ಲುತ್ತಿದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ವರ್ಗ ಸಮೀಕರಣದ ಮಧ್ಯೆ ತಲೆ ಎತ್ತಿ "ಮಿಸ್, ನಿಮ್ಮನೇಲಿ ಇವತ್ತು ಊಟ ಏನು?" ಅಂದ.

ನಾನೇನೂ ಸುಮ್ನೆ ಕೂತಿಲ್ಲ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. "ಆರ್ಡರ್ ಮಾಡಿದ ಮೊಬೈಲ್ ನಂಬರಿನಿಂದಲೇ ಕರೆ ಮಾಡಿ ಮೇಡಂ" ಅಂದರು. ಆ ನಂಬರ್ ನನ್ನ ಹತ್ತಿರ ಇದ್ದಿದ್ದರೆ ನಿಮಗೆ ಯಾಕಪ್ಪ ಫೋನ್ ಮಾಡುತ್ತಿದ್ದೆ? ಇನ್ನೊಬ್ಬಳು "ನಿಮ್ಮ ಪಾರ್ಸೆಲ್ ಯಶಸ್ವಿಯಾಗಿ ತಲುಪಿದೆ" ಅಂತ ಅಭಿನಂದನೆ ಹೇಳುವ ಧಾಟಿಯಲ್ಲಿ ಹೇಳಿ, ಐದಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ ಅಂತ ಕೇಳಿದಳು. ಡೆಲಿವರಿ ಹುಡುಗನಿಗೆ ವಾಪಸ್ ತಗೋ ಅಂದೆ. "ಡೆಲಿವರ್ಡ್ ಅಂತ ಒತ್ತಿಬಿಟ್ಟಿದ್ದೀನಿ ಮೇಡಂ, ಈಗ ತಗೊಂಡ್ರೆ ನನ್ನ ತಲೆ ಮೇಲೆ ಬರುತ್ತೆ" ಅಂತ ಗಾಡಿ ಸ್ಟಾರ್ಟ್ ಮಾಡಿಯೇಬಿಟ್ಟ.

ಎರಡನೇದು ಬಂದಾಗ ಒಂದು ಭಾನುವಾರ ನಡೆದುಕೊಂಡು 4ನೇ ಬ್ಲಾಕಿನ ಆ ಮನೆಗೂ ಹೋಗಿದ್ದೆ. ಒಳಗೆ ಟಿವಿ ಸದ್ದು ಕೇಳುತ್ತಿತ್ತು. ಬೆಲ್ ಮಾಡಿದ ತಕ್ಷಣ ಸದ್ದು ನಿಂತಿತು. ಐದು ನಿಮಿಷ ಕಾದೆ, ಯಾರೂ ಬರಲಿಲ್ಲ. ಎದುರು ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ "ಅವರು ಬಾಗಿಲು ತೆಗೆಯಲ್ಲ ಬಿಡಿ" ಅಂದರು. ಅವಮಾನವಾದ ಹಾಗಾಗಿ ವಾಪಸ್ ಬಂದೆ.

ನನಗಿರುವ ಭಯ ಇಷ್ಟೇ. ಪ್ರತಿ ಸಲ ಆ ಹುಡುಗ ನನ್ನ ಗೇಟಿನ ಮುಂದೆ ಪಾರ್ಸೆಲ್ ಹಿಡಿದ ನನ್ನ ಕೈಯ ಫೋಟೋ ತೆಗೆಯುತ್ತಾನೆ. ಬಳೆ ಸಮೇತ. ನಾಳೆ ಯಾರಾದರೂ ಬಂದು ಕಳ್ಳಿ ಅಂದರೆ? ಇದನ್ನು ಯಾರಿಗೆ ಕೊಡಲಿ, ಹೇಗೆ ನಿಲ್ಲಿಸಲಿ?

ಸೀಬೆಕಾಯಿ:

ಅಪ್ಪೆಮಿಡಿನಾ? ವಿಳಾಸ ಮೆಸೇಜ್ ಮಾಡಿ ಟೀಚರ್, ಸಮಸ್ಯೆಯ ಆ ಒಂದು ಭಾಗವನ್ನು ನಾನೇ ಬಂದು ಪರಿಹರಿಸುತ್ತೇನೆ. ಮೊಸರನ್ನ ನನ್ನದು.

ಕೆಳಮನೆ ಟೀಚರ್:

ನಮ್ಮ ಯಜಮಾನರೂ ಇದನ್ನೇ ಅಂದರು. ಎರಡು ದಿನದಿಂದ ಆ ತಟ್ಟೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾರೆ.

ಕರಿಕೋಟು:

ತಮಾಷೆಗೂ ತಿನ್ನಬೇಡಿ. ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಇರುವುದೇ ಇದಕ್ಕೆ. ಬೇರೆಯವರ ವಸ್ತು ಅಂತ ಗೊತ್ತಿದ್ದೂ ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಳೇ ಐಪಿಸಿಯಲ್ಲಿ ಇದು 403ನೇ ಸೆಕ್ಷನ್ ಆಗಿತ್ತು. ಅಲ್ಲಿ ಆರು ತಿಂಗಳು ಅನ್ನುವ ಕನಿಷ್ಠ ಇರಲಿಲ್ಲ, ಬರೀ ದಂಡ ಹಾಕಿ ಬಿಡುವುದಕ್ಕೂ ದಾರಿಯಿತ್ತು. 2024ರ ಜುಲೈ 1ರಿಂದ ಹೊಸದು ಜಾರಿಯಲ್ಲಿದೆ.

ಆದರೆ ನೀವು ಹೆದರಬೇಕಾಗಿಲ್ಲ. ಸಿಕ್ಕಿದ ವಸ್ತುವನ್ನು ಮಾಲೀಕರಿಗೆ ಕೊಡುವ ಸಲುವಾಗಿ ಜೋಪಾನ ಮಾಡಿ ಇಟ್ಟವರು ಅಪರಾಧಿಯಲ್ಲ ಅಂತ ಅದೇ ಸೆಕ್ಷನ್ನಿನ ವಿವರಣೆಯಲ್ಲಿದೆ. ನೀವು ಮಾಡಿರುವುದು ಅದೇ. ಆದರೂ ನಾಲ್ಕೂ ಪಾರ್ಸೆಲ್ಲನ್ನು ತೆರೆಯದ ಸ್ಥಿತಿಯಲ್ಲಿ, ಲೇಬಲ್ ಕಾಣುವ ಹಾಗೆ ಫೋಟೋ ತೆಗೆದಿಡಿ. ಕಸ್ಟಮರ್ ಕೇರ್‌ಗೆ ಮಾಡಿದ ಫೋನಿನ ದಿನಾಂಕ ಬರೆದಿಡಿ. ಫೋನ್ ಮಾಡಿದ್ದಕ್ಕಿಂತ ಒಂದು ಇಮೇಲ್ ಹಾಕಿದ್ದರೆ ಇನ್ನೂ ಗಟ್ಟಿ. ಉಪ್ಪಿನಕಾಯಿ ಕೆಟ್ಟು ಎಸೆಯಬೇಕಾಗಿ ಬಂದರೂ ಫೋಟೋ ತೆಗೆದೇ ಎಸೆಯಿರಿ.

ಶಿರಸಿ ಕಡೆಯವಳು:

ಅಪ್ಪೆಮಿಡಿ ಕೆಡುವುದಾ? ವಕೀಲರು ಬಯಲುಸೀಮೆಯವರಿರಬೇಕು. ನಮ್ಮಜ್ಜಿ ಭರಣಿಯಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಆದರೆ ರಸ ಎಲ್ಲ ಸೋರಿ ಮಿಡಿ ಮೇಲೆ ಬಂದರೆ ಬೂಸ್ಟು ಹಿಡಿಯುತ್ತದೆ. ಸೋರುವ ಮೂಲೆಯನ್ನು ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿಡಿ ಟೀಚರ್.

ನಿವೃತ್ತ ಅಂಚೆಯಣ್ಣ:

ಹಾಸನ ಜಿಲ್ಲೆಯಲ್ಲಿ 31 ವರ್ಷ ಟಪ್ಪಾಲು ಹಂಚಿದವನು ನಾನು. ನಿಮ್ಮದು ಕೊರಿಯರ್ ಇರಬಹುದು, ಆದರೂ ಅಂಚೆಯಲ್ಲಿ ಬಂದರೆ ಏನು ಮಾಡಬೇಕು ಅಂತ ಹೇಳಿಬಿಡುತ್ತೇನೆ, ಬೇರೆಯವರಿಗಾದರೂ ಉಪಯೋಗವಾಗಲಿ. ಬಿಚ್ಚಬೇಡಿ. ಮೇಲೆ 'ಈ ವಿಳಾಸದಲ್ಲಿ ಇವರಿಲ್ಲ' ಅಂತ ಬರೆದು ನಿಮ್ಮ ಪೋಸ್ಟ್‌ಮ್ಯಾನ್ ಕೈಗೆ ಕೊಡಿ, ಇಲ್ಲವೇ ಹತ್ತಿರದ ಅಂಚೆ ಕಚೇರಿಗೆ ಮುಟ್ಟಿಸಿ. ಸ್ಟಾಂಪು ಬೇಡ, ದುಡ್ಡು ಬೇಡ. ವಿಳಾಸ ಸಿಕ್ಕರೆ ಅಲ್ಲಿಗೆ ಹೋಗುತ್ತದೆ, ಸಿಗದಿದ್ದರೆ ಕಳಿಸಿದವರಿಗೆ ವಾಪಸ್. ಕಳಿಸಿದವರ ವಿಳಾಸವೂ ಇಲ್ಲದಿದ್ದರೆ ಆರ್‌ಎಲ್‌ಓ (ರಿಟರ್ನ್ಡ್ ಲೆಟರ್ ಆಫೀಸ್) ಅಂತ ಒಂದು ಕಚೇರಿ ಇದೆ, ಅಲ್ಲಿಗೆ ಹೋಗುತ್ತದೆ. ಬಿಚ್ಚಿ ನೋಡುವ ಅಧಿಕಾರ ಅಲ್ಲಿನವರಿಗೆ ಮಾತ್ರ.

ನನ್ನ ಬೀಟಿನಲ್ಲಿ ಒಂದೇ ಬೀದಿಯಲ್ಲಿ ಮೂವರು ಮಂಜೇಗೌಡರಿದ್ದರು. ಮೂವರ ಇನಿಷಿಯಲ್ಲೂ ಒಂದೇ. ಒಬ್ಬರಿಗೆ ಮಿಲಿಟರಿ ಪೆನ್ಷನ್ ಕಾಗದ ಬರೋದು, ಒಬ್ಬರಿಗೆ ಬ್ಯಾಂಕಿನ ಸಾಲದ ನೋಟಿಸು, ಇನ್ನೊಬ್ಬರಿಗೆ ಮಗಳ ಪತ್ರ. ಲಕೋಟೆ ನೋಡಿದರೇ ಯಾರದ್ದು ಅಂತ ಹೇಳುತ್ತಿದ್ದೆ. ನಾನು ರಜೆ ಹಾಕಿ ಬೇರೆಯವರು ಬೀಟಿಗೆ ಹೋದ ದಿನ ಸಾಲದ ನೋಟಿಸು ಪೆನ್ಷನ್ ಗೌಡರ ಮನೆಗೆ ಹೋಗಿ ದೊಡ್ಡ ರಂಪ.

ಇನ್ನೊಂದು ಕೇಳುತ್ತೇನೆ. ಲೇಬಲ್ ಮೇಲೆ ಪಿನ್‌ಕೋಡ್ ಏನಿದೆ? 1972ರ ಆಗಸ್ಟ್ 15ರಂದು ಪಿನ್ ಬಂದದ್ದೇ ಒಂದೇ ಹೆಸರಿನ ಊರು, ಅರ್ಥವಾಗದ ಬರವಣಿಗೆ, ಹತ್ತಾರು ಭಾಷೆ, ಇವುಗಳ ಗೋಜಲು ಬಿಡಿಸಲು. ಮೊದಲ ಮೂರಂಕಿ ನೋಡಿದರೆ ಯಾವ ಸಾರ್ಟಿಂಗ್ ಜಿಲ್ಲೆ ಅಂತ ಗೊತ್ತಾಗುತ್ತದೆ, 560 ಅಂದರೆ ಬೆಂಗಳೂರು. ಕೊನೆಯ ಮೂರಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯದು. ನಿಮ್ಮ ಎರಡು ಬ್ಲಾಕಿಗೆ ಪಿನ್ ಬೇರೆ ಬೇರೆ ಇರಬೇಕಲ್ಲ?

ಹಳೇ ರೈಡರ್:

ಅಣ್ಣ ಹೇಳಿದ್ದು ಸರಿ. ನಾನು ಎರಡು ವರ್ಷ ಜಯನಗರ, ತಿಲಕನಗರ ಕಡೆ ಪಾರ್ಸೆಲ್ ಹಾಕಿದ್ದೇನೆ. ಮೇಡಂ, ಒಂದು ಸಲ ತಪ್ಪಾದರೆ ಹುಡುಗನ ತಪ್ಪು. ನಾಲ್ಕು ಸಲ ಒಂದೇ ಮನೆಗೆ ತಪ್ಪಾದರೆ ಅದು ಹುಡುಗನ ತಪ್ಪಲ್ಲ, ವಿಳಾಸದ್ದು. 4ನೇ ಬ್ಲಾಕ್ 560011. ಟಿ ಬ್ಲಾಕ್ 560041. ಲೇಬಲ್ ನೋಡಿ ಹೇಳಿ.

ಯಾಕೆ ಕೇಳುತ್ತೇನೆ ಅಂದರೆ, ಹಬ್‌ನಲ್ಲಿ ವಿಳಾಸ ಯಾರೂ ಓದುವುದಿಲ್ಲ. ಬೆಳಗ್ಗೆ ಆರಕ್ಕೆ ಲಾರಿ ಬಂದಾಗ ಪಿನ್ ನೋಡಿ ಚೀಲಕ್ಕೆ ಬೀಳುತ್ತದೆ, ಅಷ್ಟೇ. 41ರ ಚೀಲ 41ರ ಹುಡುಗನಿಗೆ. ಅವನಿಗೆ ಆವತ್ತು ಎಂಬತ್ತೋ ತೊಂಬತ್ತೋ ಪಾರ್ಸೆಲ್. ಅವನು ತನ್ನ ಏರಿಯಾದಲ್ಲಿ ಆ ಕ್ರಾಸ್, ಆ ಮನೆ ನಂಬರ್ ಹುಡುಕುತ್ತಾನೆ. ಸಿಗುತ್ತದೆ. ನೀವೂ ಇಸಿದುಕೊಳ್ಳುತ್ತೀರಿ. ಅವನ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. 'ಬ್ಲಾಕ್' ಮುಂದೆ 'ಟಿ' ಇಲ್ಲ ಅಂತ ನೋಡಲು ಅವನಿಗೆ ಪುರುಸೊತ್ತಿಲ್ಲ. ಅರ್ಧ ಜನ ತಮ್ಮ ವಿಳಾಸದಲ್ಲಿ ಟಿ ಬರೆಯುವುದೂ ಇಲ್ಲ.

ಮತ್ತೆ, ಡೆಲಿವರ್ಡ್ ಒತ್ತಿದ ಮೇಲೆ ಕಂಪನಿ ಲೆಕ್ಕದಲ್ಲಿ ಆ ಪಾರ್ಸೆಲ್ ಇಲ್ಲವೇ ಇಲ್ಲ. ವಾಪಸ್ ತಗೊಂಡ ಹುಡುಗನ ಚೀಲದಲ್ಲಿ ಅದಕ್ಕೆ ಹೆಸರೂ ಇಲ್ಲ, ಸ್ಕ್ಯಾನೂ ಇಲ್ಲ. ಕಳೆದುಹೋದರೆ ಕೇಳುವವರಿಲ್ಲ, ಸಿಕ್ಕಿಬಿದ್ದರೆ ಕಳ್ಳ ಅವನೇ. ಅದಕ್ಕೇ ಓಡಿಹೋದ. ಬೈಯಬೇಡಿ ಪಾಪ. ಇನ್ನುಮೇಲೆ ಅವನು ಒತ್ತುವ ಮುಂಚೆ ಹೆಸರು ಓದಿ, ನಿಮ್ಮದಲ್ಲದಿದ್ದರೆ "ಇದು ನಮ್ಮದಲ್ಲ" ಅಂತ ಅಲ್ಲೇ ಹೇಳಿ. ಆಗ ಅವನು ವಾಪಸ್ ತಗೊಂಡು ಹೋಗಲೇಬೇಕು.

ಮ್ಯೂನಿಕ್ ಮೂಲೆಯಿಂದ:

ಇಲ್ಲಿ ಜರ್ಮನಿಯಲ್ಲಿ ನಾವಿಲ್ಲದಿದ್ದರೆ ಪಾರ್ಸೆಲ್ಲನ್ನು ಪಕ್ಕದ ಮನೆಗೆ ಕೊಟ್ಟು ಹೋಗುವುದು ತೀರಾ ಮಾಮೂಲಿ. ಇಂಥವರ ಮನೆಯಲ್ಲಿದೆ ಅಂತ ನಮ್ಮ ಡಬ್ಬಿಗೆ ಒಂದು ಚೀಟಿ ಹಾಕುತ್ತಾರೆ. ಬೆಲ್ ಮೇಲೆ ಮನೆತನದ ಹೆಸರೇ ಇರುತ್ತದೆ, ಫ್ಲ್ಯಾಟ್ ನಂಬರ್ ಇರುವುದು ಅಪರೂಪ. ನಾನು ಪಕ್ಕದವರ ಜೊತೆ ಮಾತು ಶುರು ಮಾಡಿದ್ದೇ ಅವರ ಶೂ ಡಬ್ಬ ನಮ್ಮಲ್ಲಿಗೆ ಬಂದಾಗ.

ನಾನು ಬರೆಯಲು ಬಂದದ್ದು ಬೇರೆ. ಟೀಚರ್, ಮಂಡಿ ಬೆಲ್ಟು, ಬಿಪಿ ಮಿಷನ್ನು, ಉಪ್ಪಿನಕಾಯಿ. ಈ ಪಟ್ಟಿ ನೋಡಿದರೆ ನನ್ನ ಆರ್ಡರ್ ನೋಡಿದ ಹಾಗೇ ಇದೆ. ದಾವಣಗೆರೆಯಲ್ಲಿರುವ ಅಪ್ಪನಿಗೆ ನಾನು ಇಲ್ಲಿಂದಲೇ ಸಾಮಾನು ತರಿಸುವುದು. ಹೆಸರು ಅವರದು, ಫೋನ್ ನಂಬರ್ ನನ್ನದು. ಅವರ ನಂಬರ್ ಹಾಕಿದರೆ ಕರೆ ಎತ್ತುವುದಿಲ್ಲ, ಮೋಸದ ಕರೆ ಅಂತ ಭಯ. 'ಡೆಲಿವರ್ಡ್' ಅಂತ ನನಗೆ ಮೆಸೇಜ್ ಬರುತ್ತದೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆ ಮನೆಯಲ್ಲಿರುವವರಿಗೆ ಏನಾದರೂ ಬರಬೇಕು ಅನ್ನುವುದೇ ಗೊತ್ತಿಲ್ಲದೆ ಇರಬಹುದು. ಹುಡುಕಿಕೊಂಡು ಯಾರೂ ಬರದಿರುವುದು ಅದಕ್ಕೇ ಇರಬಹುದು.

ಎಚ್ಚರಿಕೆ ಗಂಟೆ:

ಯಾರದ್ದೋ ಮನೆಗೆ ಡಬ್ಬ ಹಿಡಿದು ಹೋಗುವ ಮುಂಚೆ ಯೋಚನೆ ಮಾಡಿ. ಈಗಿನ ಕಾಲದಲ್ಲಿ ಪಾರ್ಸೆಲ್ ಹೆಸರಲ್ಲಿ ನಡೆಯದ ಮೋಸವಿಲ್ಲ. ಆರ್ಡರ್ ಮಾಡದಿರುವುದಕ್ಕೆ ಕ್ಯಾಶ್ ಕೇಳುವುದು, ಕ್ಯಾನ್ಸಲ್ ಮಾಡಲು ಓಟಿಪಿ ಹೇಳಿ ಅನ್ನುವುದು, ಒಳಗೆ ಕ್ಯೂಆರ್ ಕೋಡ್ ಇಟ್ಟು ಸ್ಕ್ಯಾನ್ ಮಾಡಿಸುವುದು. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ದುಡ್ಡು ಕಿತ್ತವರಿದ್ದಾರೆ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕೆಳಮನೆ ಟೀಚರ್:

ಅಂಚೆಯಣ್ಣನವರಿಗೆ, ರೈಡರ್ ಅವರಿಗೆ ದೊಡ್ಡ ನಮಸ್ಕಾರ. ಈಗಷ್ಟೇ ನಾಲ್ಕರ ಲೇಬಲ್ಲನ್ನೂ ನೋಡಿದೆ. ವಿಳಾಸ 4ನೇ ಬ್ಲಾಕ್. ಪಿನ್ 560041. ನಾಲ್ಕರಲ್ಲೂ!

ಮಕ್ಕಳಿಗೆ ದಿನಾ "ಉತ್ತರ ತಪ್ಪು ಬಂದರೆ ಮೊದಲನೇ ಸಾಲು ನೋಡಿ" ಅನ್ನುವವಳು ನಾನು. ನಾನೇ ನೋಡಿರಲಿಲ್ಲ. ನಾಳೆ ಇನ್ನೊಂದು ಸಲ ಹೋಗಿ ಬರುತ್ತೇನೆ.

ಕೆಳಮನೆ ಟೀಚರ್:

ಹೋಗಿ ಬಂದೆ. ಸ್ವಲ್ಪ ಉದ್ದ ಇದೆ, ಓದುವ ಪುರುಸೊತ್ತಿದ್ದವರು ಓದಿ.

ಬೆಳಗ್ಗೆ ಹತ್ತಕ್ಕೆ ಎರಡು ಬಟ್ಟೆ ಚೀಲದಲ್ಲಿ ನಾಲ್ಕನ್ನೂ ಹಾಕಿಕೊಂಡು ಹೊರಟೆ. ಉಪ್ಪಿನಕಾಯಿಯನ್ನು ತಟ್ಟೆ ಸಮೇತ. ಬೆಲ್ ಮಾಡಿದೆ. ಟಿವಿ ನಿಂತಿತು. ಈ ಸಲ ನಾನೂ ಹಟ ಹಿಡಿದು "ಅಮ್ಮಾ, ನಾನು ಟಿ ಬ್ಲಾಕಿನ ಟೀಚರು" ಅಂತ ಕೂಗಿದೆ. ಟೀಚರ್ ಅನ್ನುವುದಕ್ಕೆ ಇನ್ನೂ ಒಂದಿಷ್ಟು ಬೆಲೆ ಇದೆ ಅಂತ ಕಾಣುತ್ತದೆ. ಮುಂಬಾಗಿಲು ತೆರೆಯಿತು. ಕಬ್ಬಿಣದ ಗ್ರಿಲ್ ಮಾತ್ರ ಬೀಗ ಹಾಕಿಯೇ ಇತ್ತು. ಎಂಬತ್ತರ ಆಸುಪಾಸಿನ ಅಜ್ಜಿ, ಗೋಡೆ ಹಿಡಿದುಕೊಂಡು ನಿಂತಿದ್ದಾರೆ.

ನಿಮಗೆ ಪಾರ್ಸೆಲ್ ಬಂದಿದೆ ಅಂದೆ. "ನಾವೇನೂ ತರಿಸಿಲ್ಲ. ತಗೊಂಡು ಹೋಗಿ" ಅಂದರು. ನಿಮ್ಮ ಹೆಸರೇ ಇದೆ ನೋಡಿ ಅಂದೆ. "ಹೆಸರು ಹಾಕಿಯೇ ಮೋಸ ಮಾಡೋದು. ನನ್ನ ಮಗ ಹೇಳಿದಾನೆ, ನಾವು ತರಿಸದೇ ಇದ್ದದ್ದನ್ನು ಮುಟ್ಟಬಾರದು ಅಂತ." ಎಚ್ಚರಿಕೆ ಗಂಟೆಯವರೇ, ನಿಮ್ಮ ಪಾಠ ಅಲ್ಲಿಗೆ ಮೊದಲೇ ತಲುಪಿದೆ.

ಲೇಬಲ್ ತೋರಿಸಿದೆ, ಕನ್ನಡಕ ಇಲ್ಲ ಅಂದರು. ಬಿಪಿ ಮಿಷನ್ ಅಂದೆ, ಡಾಕ್ಟರ ಹತ್ತಿರ ಇದೆ ಅಂದರು. ನನಗೂ ಸಿಟ್ಟು ಬರಲು ಶುರುವಾಯಿತು. ಬಿಸಿಲು ಬೇರೆ. ಚೀಲ ಕೆಳಗಿಟ್ಟು ತಟ್ಟೆ ಹೊರಗೆ ತೆಗೆದೆ, ಬರೀ ಕೈ ನೋಯುತ್ತಿತ್ತು ಅಂತ.

ಅಜ್ಜಿ ಮಾತು ನಿಲ್ಲಿಸಿದರು. ಗ್ರಿಲ್‌ಗೆ ಮೂಗು ತಾಗುವಷ್ಟು ಹತ್ತಿರ ಬಂದರು. "ಇದು ಜೀರಿಗೆ ಮಿಡಿ ಅಲ್ದಾ?" ಅಂದರು.

ನನಗೆ ಅದೆಲ್ಲ ಗೊತ್ತಿಲ್ಲ. ಜೀರಿಗೆ ಪರಿಮಳ ಬರುವ ಅಪ್ಪೆಮಿಡಿ ಅಂತ ಒಂದು ಜಾತಿಯೇ ಇದೆಯಂತೆ. ನನಗೆ ಬರೀ ಮಾವು, ಸಾಸಿವೆ ವಾಸನೆ ಬರುತ್ತಿತ್ತು. ಅವರು ಒಳಗೆ ಹೋಗಿ ಬೀಗದ ಕೈ ತಂದರು. ತೆಗೆಯಲು ಎರಡು ನಿಮಿಷ ಬೇಕಾಯಿತು, ಕೈ ನಡುಗುತ್ತದೆ. ಆಮೇಲೆ ಕೂರಿಸಿ, ಕುಡಿಯಲು ಕೊಟ್ಟು, ಮಗನಿಗೆ ವಾಟ್ಸಾಪ್‌ನಲ್ಲಿ ಫೋನ್ ಹಚ್ಚಲು ನನ್ನ ಕೈಗೇ ಕೊಟ್ಟರು.

ಮ್ಯೂನಿಕ್ ಅವರು ಹೇಳಿದ್ದೇ ನಿಜವಾಯಿತು. ಊರು ಬೇರೆ, ಅಷ್ಟೇ. ಮಗ ಇರುವುದು ಕೆನಡಾದಲ್ಲಿ. ಅಲ್ಲಿ ನಡುರಾತ್ರಿ, ಗಾಬರಿಯಿಂದ ಎತ್ತಿದ. ಯುಗಾದಿ ಸೀರೆ ಕಳಿಸಿದ್ದೆ, ಅಮ್ಮ ಚೆನ್ನಾಗಿದೆ ಅಂತ ಒಂದು ಮಾತೂ ಹೇಳಲಿಲ್ಲ ಅಂತ ಅವನಿಗೆ ಬೇಜಾರು. ಆ ಮೆತ್ತಗಿನ ಪಾರ್ಸೆಲ್ಲು ಸೀರೆ. ಈ ಸಲ ಹಬ್ಬಕ್ಕೆ ಮಗ ಏನೂ ಕಳಿಸಲಿಲ್ಲ ಅಂತ ಅಜ್ಜಿಗೆ. ಇಬ್ಬರೂ ಬಾಯಿಬಿಟ್ಟು ಕೇಳಿರಲಿಲ್ಲ. ದಿನಾ ಮಾತಾಡುತ್ತಾರಂತೆ, ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟೇ.

ಪಿನ್ ಎಲ್ಲಿಂದ ಬಂತು ಅಂತ ಕೇಳಿದೆ. ಗೂಗಲ್‌ನಲ್ಲಿ 'ಜಯನಗರ ಪಿನ್‌ಕೋಡ್' ಅಂತ ಹುಡುಕಿ, ಸಿಕ್ಕಿದ್ದನ್ನು ಹಾಕಿದನಂತೆ. ತಾನು ಹುಟ್ಟಿ ಬೆಳೆದ ಮನೆಯ ಪಿನ್! ಅದನ್ನು ಹೇಳುವಾಗ ಅವನಿಗೇ ನಾಚಿಕೆಯಾಯಿತು. ನಾನಿದ್ದಾಗಲೇ 560011 ಅಂತ ಬದಲಾಯಿಸಿದ. ಎದುರು ಮನೆಯವರ ನಂಬರನ್ನೂ ಸೇರಿಸಿಕೊಳ್ಳಲು ಹೇಳಿದೆ.

ಬರುವಾಗ ಅಜ್ಜಿ ನನ್ನ ತಟ್ಟೆ ತೊಳೆದು, ಅದರಲ್ಲಿ ಹತ್ತು ಮಿಡಿ ಹಾಕಿ ಕೊಟ್ಟರು. ಯಜಮಾನರು ಈಗ ಊಟಕ್ಕೆ ಕೂತಿದ್ದಾರೆ. ಕರಿಕೋಟು ಅವರೇ, ಇದಕ್ಕೆ ಸೆಕ್ಷನ್ ಇಲ್ಲ ತಾನೇ?

ಕರಿಕೋಟು:

ಇದು ದಾನ. ಊಟ ಮಾಡಲಿ ಬಿಡಿ.

ಶಿರಸಿ ಕಡೆಯವಳು:

ಮೂಸಿ ನೋಡಿ ಜೀರಿಗೆ ಮಿಡಿ ಅಂದರು ಅಂದರೆ ನಮ್ಮ ಕಡೆಯವರೇ. ಯಾವ ಊರಂತೆ, ಕೇಳಿದಿರಾ?

ಕೆಳಮನೆ ಟೀಚರ್:

ಸಿದ್ದಾಪುರದ ಹತ್ತಿರ ಅಂದರು. ಹಳ್ಳಿ ಹೆಸರು ಮರೆತೆ, ಮುಂದಿನ ಸಲ ಕೇಳುತ್ತೇನೆ. ಮುಂದಿನ ಸಲ ಬೇಗನೇ ಇದೆ. ಇವತ್ತು ಮಧ್ಯಾಹ್ನ ಐದನೇ ಪಾರ್ಸೆಲ್ ಬಂತು. ಅದೇ ಹೆಸರು, ಪಿನ್ 41. ಇದು ಬೇರೆ ಆ್ಯಪ್ಪಂತೆ.

ಹಳೇ ರೈಡರ್:

ಅಯ್ಯೋ, ಅದೊಂದು ಹೇಳುವುದು ಮರೆತೆ ಮೇಡಂ. ಎಲ್ಲಾ ಆ್ಯಪ್‌ನಲ್ಲೂ ಬದಲಾಯಿಸಬೇಕು. ಒತ್ತುವ ಮುಂಚೆ ಹೆಸರು ಓದಿದಿರಾ?

ಕೆಳಮನೆ ಟೀಚರ್:

ಓದಿದೆ. ಓದಿಯೇ ಇಸಿದುಕೊಂಡೆ. ವಾಪಸ್ ಹೋದರೆ ಅಜ್ಜಿಗೆ ಸಿಗಲು ಇನ್ನೂ ಹತ್ತು ದಿನ. ಸಂಜೆ ತರಕಾರಿಗೆ ಹೇಗೂ ಕಾಂಪ್ಲೆಕ್ಸ್ ಕಡೆ ಹೋಗಬೇಕು.